ಪಾದಕ್ಕೊಪ್ಪುವ ಬೂಟು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಡುವೆ, ಹಾಸುಗಲ್ಲು ಸಿಮೆಂಟುಗಳ ಲಾರಿಗಳು ಓಡುವ ಹಾದಿಗಳಲ್ಲಿ, ಚಪ್ಪಲಿಯಲ್ಲಿಯೇ ಮೋಟಾರ್ ಸೈಕಲ್ ಏರಿ ಹೊರಟ ತರುಣರನ್ನು ಕಾಣುತ್ತೇವೆ. ಬೂಟು ಕಚ್ಚುತ್ತದೆಂಬುದು ಅವರ ದೂರು. ದೂರು ಸುಳ್ಳಲ್ಲ, ಆದರೆ ಒಂದೊಂದು ಪಾದದಲ್ಲಿರುವ 26 ಎಲುಬುಗಳನ್ನು ಕಾಯಬೇಕಾದ ಬೂಟನ್ನು ಮೂಲೆಗೆಸೆಯುವುದು ಪರಿಹಾರವಲ್ಲವೆಂದು ನಮ್ಮ ಅಭಿಪ್ರಾಯ.

ತೊಗಲೆಂಬುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಹೊಸತರಲ್ಲಿ ಬಿಗಿಯಾಗಿರುವ ಈ ಹೆಣಿಗೆಯು ಮೈಯ ಕಾವು, ಬೆವರಿನ ತೇವ, ನಡಿಗೆಯ ಬಾಗುಗಳಿಂದ ಕ್ರಮೇಣ ಸಡಿಲಗೊಂಡು ಪಾದದ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಆದುದರಿಂದ ದಪ್ಪ ಕಾಲುಚೀಲ ಧರಿಸಿ ಕೆಲವು ದಿನ, ದಿನಕ್ಕೊಂದು ಗಂಟೆ, ಮನೆಯಲ್ಲಿಯೇ ನಡೆದಾಡಬೇಕು. ನೆನೆದ ಬೂಟನ್ನು ಒಲೆಯ ಬಳಿಯಲ್ಲಾಗಲಿ ಈ ಸೀಮೆಯ ಉರಿಬಿಸಿಲಿನಲ್ಲಾಗಲಿ ಒಣಗಿಸಬಾರದು. ಅತಿಶಾಖಕ್ಕೆ ಎಳೆಗಳು ಕುಗ್ಗಿ ತೊಗಲು ಗಡುಸಾಗುವುದು. ಒಳಗೆ ಕಾಗದ ತುಂಬಿ ನೆರಳಿನಲ್ಲಿಡುವುದು ಲೇಸು.

ಬೆರಳುಗಳ ಮೇಲೆ ಉಕ್ಕಿನ ಕವಚವಿದ್ದರೆ ಅದು ಎಂದಿಗೂ ಹಿಗ್ಗದು. ಅಲ್ಲಿ ಒತ್ತುವ ಬೂಟನ್ನು ಕೊಳ್ಳಲೇಬಾರದು. ಹಗಲೆಲ್ಲ ನಿಂತು ನಡೆದ ಪಾದ ತುಸು ಊದಿಕೊಳ್ಳುವುದರಿಂದ ಸಂಜೆಯ ವೇಳೆ ಅಳತೆ ನೋಡುವುದು ಯುಕ್ತ. ಅಂಗಡಿಯಲ್ಲಿ ಉದ್ದದ ಸಂಖ್ಯೆಯೊಂದನ್ನೇ ಹೇಳಿ ತೃಪ್ತರಾಗದೆ ಅಗಲವನ್ನೂ ವಿಚಾರಿಸುವ ಪದ್ಧತಿಯನ್ನು ವಿದ್ಯಾರ್ಥಿಗಳಾದರೂ ಆರಂಭಿಸಬೇಕು. ಕಚ್ಚುವ ಬೂಟು ಮನೆಯಲ್ಲಿ ಉಳಿಯುತ್ತದೆ. ಮನೆಯಲ್ಲುಳಿದ ಬೂಟು ಯಾರ ಕಾಲನ್ನೂ ಕಾಯದು.