ವಿದ್ಯಾಲಯ ವೈದ್ಯಾಲಯಗಳ ಆಡಳಿತಭಾರ

ಬಳ್ಳಿಗಾವೆಯ ಕೋಡಿಯಮಠವನ್ನು ಕುರಿತ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ ನಡೆಯುತ್ತಿದ್ದುದನ್ನೂ ದೀನರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇಷ್ಟೆಲ್ಲ ನಡೆಯಬೇಕಾದರೆ ಉಗ್ರಾಣದ ಲೆಕ್ಕವನ್ನಿಡುವವರೂ ಔಷಧದ್ರವ್ಯಗಳನ್ನು ಸಕಾಲದಲ್ಲಿ ತರಿಸುವವರೂ ಇದ್ದಿರಲೇಬೇಕು. ಅಂಥವರನ್ನು ಲೋಕವು ನೆನೆಯುವುದು ಕಡಿಮೆ. ಆದರೆ ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರೆಂಬುದನ್ನು ಮರೆಯಲಾಗದು, ಲೆಕ್ಕವಿಡುವುದೂ ಕಾಯಕವೇ.

ಇಂದು ಮಠಗಳ ಆಶ್ರಯದಲ್ಲಿ ಕಾಲೇಜುಗಳಷ್ಟೇ ಅಲ್ಲ, ವೈದ್ಯಕೀಯ ಕಾಲೇಜುಗಳೂ ಆಸ್ಪತ್ರೆಗಳೂ ನಡೆಯುತ್ತಿವೆ. ಈ ಕಾಯಕವನ್ನು ಯಾರಿಗೆ ಒಪ್ಪಿಸಬೇಕೆಂಬುದು ಆದುದರಿಂದ ಸಣ್ಣ ಪ್ರಶ್ನೆಯಲ್ಲ.

ಹತ್ತು ಸಾವಿರ ಶಿಷ್ಯರಿಗೆ ಅನ್ನವಿಕ್ಕಿ ವಿದ್ಯೆ ಕಲಿಸುವ ಋಷಿಯನ್ನು ಹಿಂದಿನವರು ಕುಲಪತಿಯೆಂದು ಕರೆದರು. ರಿಜಿಸ್ಟ್ರಾರ್ ಹುದ್ದೆಗೆ ಕನ್ನಡದಲ್ಲಿ ಸಂದ ಹೆಸರು ಕುಲಸಚಿವ. ಸಚಿವನೆಂದರೆ ಮೂಲಾರ್ಥದಲ್ಲಿ ಒಡನಾಡಿ, ಸಹಾಯಕ. ಮುಂದೆ ನಿಂತು ಎಳೆಯುವವನಲ್ಲ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮವು ಆಡಳಿತಕ್ಕೊಬ್ಬ, ಮೌಲ್ಯಮಾಪನಕ್ಕೊಬ್ಬ ಕುಲಸಚಿವನನ್ನೂ ಬೇರೊಬ್ಬ ಹಣಕಾಸು ಅಧಿಕಾರಿಯನ್ನೂ ವಿಧಿಸಿತು. ವಿಭಜನೆ ಯುಕ್ತವಾದುದೇ. ಆದರೆ ಎಷ್ಟೋ ವೇಳೆ ಆ ಪೀಠದಲ್ಲಿ ಕುಳಿತಿರುವವರು 'ಪ್ರಭಾರ'ದ ಮೇಲೆ ಬಂದ ಪ್ರಾಧ್ಯಾಪಕರು. (ಭಾರವೆಂಬುದು ಆ ಪದದಲ್ಲಿಯೇ ಇದೆ, ಕಚೇರಿಯ ಭಾಷೆ ಕೆಲವೊಮ್ಮೆ ತಾನರಿಯದೆ ಸತ್ಯವನ್ನು ನುಡಿಯುತ್ತದೆ.) ಪಾಠವೂ ಕಡತವೂ ಅರೆಯಾಗಿ, ಅಂಕಪಟ್ಟಿ ತಡವಾಗಿ, ಬಡ ವಿದ್ಯಾರ್ಥಿಯ ಮುಂದಿನ ವ್ಯಾಸಂಗ ಒಂದು ವರ್ಷ ಹಿಂದೆ ಬೀಳುತ್ತದೆ.

ಆಸ್ಪತ್ರೆಯಲ್ಲಾದರೋ ತಡವೆಂಬುದು ಪ್ರಾಣದ ಮಾತು. ನುರಿತ ಶಸ್ತ್ರವೈದ್ಯರಿಗೆ ಹಿರಿತನದ ಮನ್ನಣೆಯಾಗಿ ಅಧೀಕ್ಷಕ ಪದವಿಯನ್ನು ಕೊಡುವುದು ವಾಡಿಕೆ. ಅಂದಿನಿಂದ ಅವರ ಕೈ ಶಸ್ತ್ರವನ್ನು ಬಿಟ್ಟು ಟೆಂಡರು, ಪಾಳಿಪಟ್ಟಿ, ಆಯುಷ್ಮಾನ್ ಬಿಲ್ಲುಗಳನ್ನು ಹಿಡಿಯುತ್ತದೆ. ರೋಗಿಗಳಿಗೆ ವೈದ್ಯರು ತಪ್ಪಿದರು; ಕಚೇರಿಗೆ ದೊರೆತವರು ಆ ಕೆಲಸವನ್ನು ಎಂದೂ ಕಲಿತವರಲ್ಲ. 2021ರ ಮೇ 2ರ ರಾತ್ರಿ, ಕೋವಿಡ್ ಹಾವಳಿಯ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಅಸುನೀಗಿದಾಗ ನಾಡೆಲ್ಲ ಕೇಳಿದ್ದು ವೈದ್ಯರ ವಿದ್ಯೆಯನ್ನು ಕುರಿತಲ್ಲ. ಮೈಸೂರಿನಿಂದ ಬರಬೇಕಾಗಿದ್ದ ಆಮ್ಲಜನಕದ ಸಿಲಿಂಡರುಗಳನ್ನು ಕುರಿತು. ಎಷ್ಟು ಉಳಿದಿದೆ, ಎಷ್ಟು ಹೊತ್ತಿಗೆ ಸಾಲುತ್ತದೆ, ಯಾರು ಯಾರಿಗೆ ತಿಳಿಸಬೇಕು ಎಂಬ ಎಣಿಕೆ ಸಣ್ಣ ಗುಮಾಸ್ತಿಕೆಯೆಂದು ಇನ್ನು ಯಾರೂ ಹೇಳಲಾರರು.

ಹಾಗೆಂದು ಎಲ್ಲವನ್ನೂ ವ್ಯವಹಾರಶಾಸ್ತ್ರದ ಪದವೀಧರರ ಕೈಗೆ ಕೊಟ್ಟುಬಿಡುವುದೂ ವಿವೇಕವಲ್ಲ. ತುಂಬಿದ ಹಾಸಿಗೆಯನ್ನು ಕಂಡು ಆದಾಯವೆಂದು ಹಿಗ್ಗುವವನಿಗೆ ಆಸ್ಪತ್ರೆಯಲ್ಲಿ ಸ್ಥಳವಿಲ್ಲ. ಆಸ್ಪತ್ರೆಯ ಆಡಳಿತವು ಈಗ ಸ್ನಾತಕೋತ್ತರ ವ್ಯಾಸಂಗದ ವಿಷಯವಾಗಿದೆ. ಅದನ್ನು ಓದಿ ಬಂದವರನ್ನು ಮೊದಲೊಂದು ವರ್ಷ ಹೊರರೋಗಿಗಳ ಚೀಟಿ ಬರೆಯುವಲ್ಲಿಯೂ ಔಷಧದ ಉಗ್ರಾಣದಲ್ಲಿಯೂ ದುಡಿಸಿ, ಅನಂತರ ರುಜುವಿನ ಅಧಿಕಾರವನ್ನು ಕೊಡಲಿ. ಚಿಕಿತ್ಸೆಯ ನಿರ್ಣಯ ವೈದ್ಯರದು, ಪಠ್ಯದ ನಿರ್ಣಯ ಅಧ್ಯಾಪಕರದು. ಅವು ಆಡಳಿತಾಧಿಕಾರಿಯ ಮೇಜಿಗೆ ಬರಬೇಕಾದುದಿಲ್ಲ. ಶಸ್ತ್ರವೈದ್ಯರಿಗೆ ಸಲ್ಲಬೇಕಾದ ವೇತನವೂ ಮರ್ಯಾದೆಯೂ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿರುವಾಗಲೇ ಸಲ್ಲುವಂತಾದರೆ, ಅಧೀಕ್ಷಕರ ಕುರ್ಚಿಗಾಗಿ ಅವರು ಅದನ್ನು ಬಿಟ್ಟು ಬರುವ ಪ್ರಮೇಯವೇ ಇರುವುದಿಲ್ಲ.