ಗಾದೆಮಾತೂ ಕೆಂಪು ಶಾಯಿಯೂ

ಯಲಹಂಕದಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಕಾಲದಲ್ಲಿ ಮಕ್ಕಳು 'ಆ್ಯನ್ ಓಲ್ಡ್ ಆ್ಯಡೇಜ್' ಎಂದು ಬರೆದರೆ, ನಾನು 'ಓಲ್ಡ್' ಪದವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಅರ್ಧ ಅಂಕ ಕಳೆಯುತ್ತಿದ್ದೆ. ಆ್ಯಡೇಜ್ ಎಂದರೆ ಬಹುಕಾಲದಿಂದ ಬಳಕೆಯಲ್ಲಿರುವ ನಾಣ್ಣುಡಿ. ಹಳತನವು ಆ ನಾಮಪದದಲ್ಲಿಯೇ ಅಡಗಿದೆಯೆಂಬುದು ನನ್ನ ವಾದ. ಅದು ಎಣಿಸಬಹುದಾದ ನಾಮಪದ, ಏಕವಚನದಲ್ಲಿ 'ಆ್ಯನ್' ಬೇಕೆಂದು ಕಲಿಸಿದ್ದೇನೋ ಸರಿಯೇ. ಆದರೆ ಅಂಕ ಕಳೆದದ್ದು ಅನ್ಯಾಯವೆಂದು ಈಗ ಅನಿಸುತ್ತದೆ. ಇಂಗ್ಲಿಷರೇ ಶತಮಾನಗಳಿಂದ ಹಾಗೆ ಬರೆಯುತ್ತ ಬಂದಿದ್ದಾರೆ.

ನಾವಾದರೂ 'ಗಾದೆಮಾತು' ಎನ್ನುವುದಿಲ್ಲವೇ? ಸಂಸ್ಕೃತದ 'ಗಾಥಾ' ತದ್ಭವವಾಗಿ 'ಗಾದೆ'ಯಾಯಿತು. ಗಾದೆಯೆಂದರೇ ಮಾತು, ಅದಕ್ಕೆ ಮತ್ತೊಂದು 'ಮಾತು' ಅಂಟಿಸಿದ್ದೇವೆ. ಪಕ್ಕದ ಕೊಠಡಿಯಲ್ಲಿ ಕನ್ನಡ ಪಂಡಿತರು "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಈ ಗಾದೆಮಾತನ್ನು ವಿಸ್ತರಿಸಿ" ಎನ್ನುತ್ತಿದ್ದುದು ನನಗೂ ಕೇಳಿಸುತ್ತಿತ್ತು. ನಾನು ಮಾತ್ರ ಕೆಂಪು ಶಾಯಿ ಹಿಡಿದು ಕುಳಿತಿರುತ್ತಿದ್ದೆ!