ಆರೂ ಇಲ್ಲದ್ದ ಜಾಗೆ ಹೇಳಿ ಒಂದು ಇದ್ದೋ?

ಕಳುದ ಬೇಸಗೆ ರಜೆಲಿ ತಂಗೆಯ ಮಕ್ಕೊ, ಅವರ ಚೆಂಙಾಯಿಗೊ ಹೇಳಿ ಒಟ್ಟು ಹತ್ತು ಜೆನ ಎಂಗಳಲ್ಲಿಗೆ ಬಂದವು. "ಗುಡ್ಡೆ ಕಾಲಿ ಇದ್ದನ್ನೆ ದೊಡ್ಡಮ್ಮ, ಅಲ್ಲಿ ಟೆಂಟು ಹಾಕಿ ಎರಡು ಇರುಳು ಮನುಗುತ್ತೆಯೊ°" ಹೇಳಿದವು. ಮಕ್ಕೊ ಅಲ್ದಾ, ಅಕ್ಕು ಹೇಳಿದೆ. ಮೂರನೇ ದಿನ ಉದಿಯಪ್ಪಗ ಟೇಂಕಿಲಿ ನೀರಿಲ್ಲೆ, ಬಾವಿಲಿ ಕೊಡಪ್ಪಾನ ಮುಂಗುತ್ತಿಲ್ಲೆ. ದನಗೊಕ್ಕೆ ಕುಡಿವಲೆ ತೋಡಿನ ಗುಂಡಿಂದ ನೀರು ಹೊತ್ತದು ಆನು. ಹಟ್ಟಿಗೆ ಹಾಕುಲೆ ಹೇಳಿ ಉಡುಗಿ ರಾಶಿ ಮಾಡಿದ ತರಗೆಲೆಗೆ ಕಿಚ್ಚು ಹಾಕಿ ಅದರ ಸುತ್ತ ಕೂದು ಪದ ಹೇಳಿದ್ದವಡ. ಬೇಸಗೆಲಿ ಕಿಚ್ಚು!

ಆ ಗುಡ್ಡೆ ಕಾಲಿ ಅಲ್ಲ ಮಕ್ಕಳೇ. ಅಲ್ಲಿ ಮನೆ ಇಲ್ಲೆ, ಅಷ್ಟೆ. ಹಟ್ಟಿಗೆ ಸೊಪ್ಪು, ಒಲೆಗೆ ಸೌದಿ, ಬಾವಿಗೆ ಒರತೆ, ಎಲ್ಲ ಅಲ್ಲಿಂದಲೇ ಬಪ್ಪದು.

ಈ ವಿಷಯ ಈಗ ಎಂತಕೆ ತೆಗದ್ದು ಹೇಳಿರೆ, ಮೊನ್ನೆ ಒಂದು ಪೂಜೆಯ ಮುನ್ನಾಣ ದಿನ ಬೆಂದಿಗೆ ಕೊರವಲೆ ಕೂದಿಪ್ಪಗ ಅತ್ತಿಗೆ ಮೊಬೈಲಿಲಿ ಲಕ್ಷದ್ವೀಪದ ವೀಡಿಯ ತೋರ್ಸಿತ್ತು. "ಆರೂ ಇಲ್ಲದ್ದ ದ್ವೀಪ ಅಡ. ಬೆಳಿ ಹೊಯ್ಗೆ, ನೀಲಿ ನೀರು. ನಾವುದೇ ಹೋಪ° ಅಲ್ದಾ?" 2024ರ ಜನವರಿಲಿ ಪ್ರಧಾನ ಮಂತ್ರಿ ಹೋಗಿ ಪಟ ಹಾಕಿದ ಮತ್ತೆ ಈ ಮರುಳು ಸುಮಾರು ಜೆನಕ್ಕೆ ಹಿಡುದ್ದು.

ಆನು ಅಲ್ಲೇ ಹೇಳಿದೆ, ಆರೂ ಇಲ್ಲದ್ದದು ಹೇಳುವ ಮಾತೇ ಲೊಟ್ಟೆ.

ಲಕ್ಷದ್ವೀಪಲ್ಲಿ 36 ದ್ವೀಪ, ಜೆನ ಇಪ್ಪದು 10ರಲ್ಲಿ. ಒಳುದ್ದರಲ್ಲಿ ಸುಹೇಲಿ ಹೇಳುದು ಒಂದು. ಕವರತ್ತಿಂದ ತೆಂಕ-ಪಡು ಹೊಡೆಲಿ, ನಡುಕಡಲಿಲಿ. ಬಳೆಯ ಹಾಂಗೆ ಹವಳದ ಕಟ್ಟ, ಅದರ ಒಳ ಅಲೆ ಇಲ್ಲದ್ದ ನೀರು, ಕರೆಲಿ ಎರಡು ತುಂಡು ಹೊಯ್ಗೆ. ಅಲ್ಲಿ ಮನೆ ಇಲ್ಲೆ, ಅಪ್ಪು. ಆದರೆ ಕವರತ್ತಿ, ಅಗತ್ತಿಯವು ಮಳೆಗಾಲ ಕಳುದ ಮೇಲೆ ಅಕ್ಕಿ, ಅಳಗೆ ಹೊತ್ತುಗೊಂಡು ದೋಣಿಲಿ ಹೋಗಿ ಬಿಡಾರ ಹಾಕುತ್ತವು. ಮೀನು ಹಿಡುದು ಒಣಗುಸುದು, ತೆಂಗಿನಕಾಯಿ ತೆಗವದು. (ಮೀನು ನವಗೆ ಆಗದ್ದದು, ಅದು ಬೇರೆ ಮಾತು.) ಕೆಲಸವೂ ಅದುವೇ, ತಿರುಗಾಟವೂ ಅದುವೇ. ಮುಗುದಪ್ಪಗ ಬಿಡಾರ ಬಿಚ್ಚಿ ಮನೆಗೆ ಬತ್ತವು.

ಬಿತ್ರಾ ದ್ವೀಪವೂ ಮದಲು ಹೀಂಗೇ ಇದ್ದತ್ತಡ. ನೆರೆ ದ್ವೀಪದವು ಹಕ್ಕಿಮೊಟ್ಟೆಗೆ ಬೇಕಾಗಿ ಹೋಗಿ ಬಂದುಗೊಂಡಿದ್ದ ಜಾಗೆ. 1945ರಲ್ಲಿ ಚೆತ್ಲತ್ತಿನ ಒಂದು ಅಬ್ಬೆ ಮಗನ ಕಟ್ಟಿಗೊಂಡು ಹೋಗಿ ಅಲ್ಲೇ ನಿಂದತ್ತು, ಮತ್ತೆ ಅದು ಊರಾತು ಹೇಳ್ತವು. ಆ ಬಿತ್ರಾ, ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್ ಎಲ್ಲ 1956ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಲೇ ಇದ್ದದು! ಅಲ್ಯಾಣ ಕತ್ತದ ಬಳ್ಳಿ ಮಂಗ್ಳೂರಿಂಗೆ ಬಂದುಗೊಂಡಿತ್ತು, ಇಲ್ಯಾಣ ಅಕ್ಕಿ ಅಲ್ಲಿಗೆ ಹೋಗಿಗೊಂಡಿತ್ತು. ನಮ್ಮ ಅಕ್ಕಿ ಉಂಡ ನೆರೆಕರೆಯವರ ಜಾಗೆಯ ಆರೂ ಇಲ್ಲದ್ದದು ಹೇಳುಲೆ ನವಗೆ ನಾಲಗೆ ಹೇಂಗೆ ತಿರುಗುತ್ತು?

ಈಗ ಸುಹೇಲಿಯ ಕತೆ ಎಂತ? 2023ರ ಜನವರಿಲಿ ತಾಜ್ ಹೋಟೆಲಿನವು ಅಲ್ಲಿ 110 ಕೋಣೆಯ ರೆಸಾರ್ಟು ಮಾಡ್ತೆಯೊ° ಹೇಳಿದವು. 60 ಹೊಯ್ಗೆ ಕರೆಲಿ, 50 ನೀರಿನ ಮೇಗೆ. ಎನ್ನದು ಅಡಿಗೆ ಒಳಾಣ ಪ್ರಶ್ನೆ: ನೀರೆಲ್ಲಿಂದ? ಅಲ್ಲಿ ತೋಡಿಲ್ಲೆ, ಹೊಳೆ ಇಲ್ಲೆ. ಹೊಯ್ಗೆಗೆ ಇಳುದ ಮಳೆನೀರು ಅಡಿಯಾಣ ಉಪ್ಪುನೀರಿನ ಮೇಲೆ, ಮಜ್ಜಿಗೆಯ ಮೇಲೆ ಬೆಣ್ಣೆ ನಿಂದ ಹಾಂಗೆ, ತೆಳುವಿಂಗೆ ನಿಂದಿರ್ತು. ಹೆಚ್ಚು ಎಳದರೆ ಉಪ್ಪು ಮೇಲೆ ಬತ್ತು. ಕವರತ್ತಿಲೇ ಬಾವಿನೀರು ಸಾಕಾಗದ್ದೆ 2005ರಲ್ಲಿ ಕಡಲ ನೀರಿನ ಸೀನೀರು ಮಾಡುವ, ದಿನಕ್ಕೆ 1 ಲಕ್ಷ ಲೀಟರಿನ ಯಂತ್ರ ಹಾಕೆಕ್ಕಾಗಿ ಬಂತು. ಇಲ್ಲಿಯೂ ಯಂತ್ರ ಹಾಕುಗು ಹೇಳುವಿ ನಿಂಗೊ. ಯಂತ್ರಕ್ಕೆ ಕರೆಂಟು ಬೇಕು, ಕರೆಂಟಿಂಗೆ ಡೀಸಿಲು, ಡೀಸಿಲು ತಪ್ಪಲೆ ಹಡಗು. ಮತ್ತೆ ಅಷ್ಟು ಕೋಣೆಯ ಬಚ್ಚಲುನೀರು, ಪಾಯಿಖಾನೆ, ಕಸವು ಎಲ್ಲಿಗೆ? 1998, 2010, 2016ರಲ್ಲಿ ಕಡಲು ಬೆಶಿಯಾಗಿ ಲಕ್ಷದ್ವೀಪದ ಹವಳ ಬೆಳಿ ಆಗಿ ಸುಮಾರು ಸತ್ತತ್ತು. ಒಳುದ್ದರ ಹತ್ತರೆ ಕಂಬ ಊರೆಕೋ?

"ಅಲ್ಯಾಣವಕ್ಕೆ ಕೆಲಸ ಸಿಕ್ಕುಗು, ನಿನಗೆಂತ ಹೊಟ್ಟೆಕಿಚ್ಚು?" ಹೇಳಿತ್ತು ಅತ್ತಿಗೆ. ಸಿಕ್ಕಲಿ, ಅವರ ಮಕ್ಕೊಗೂ ಪೈಸೆ ಬೇಕು. ಆದರೆ ಮದಲು ಅವರತ್ರೆ ಕೇಳೆಕ್ಕು, ಅವರ ಬಿಡಾರಕ್ಕೆ ಜಾಗೆ ಮಡುಗೆಕ್ಕು. ನಾಳೆ ನೀರು ಉಪ್ಪಾದರೆ ಹೋಟೆಲಿನವು ಹಡಗು ಹತ್ತುಗು. ದ್ವೀಪದವು ಎಲ್ಲಿಗೆ ಹೋಪದು?

ದೂರದ್ದು ಬೇಡ. ಅದೇ 2024ರ ಜನವರಿ 26ರ ರಜೆಲಿ ನಮ್ಮ ಕುಮಾರ ಪರ್ವತಕ್ಕೆ ಜೆನ ಎರುಗಿನ ಸಾಲಿನ ಹಾಂಗೆ ಹತ್ತಿದ ಪಟ ನಿಂಗಳೂ ನೋಡಿದ್ದಿ. ಕಡೆಂಗೆ ಸರಕಾರವೇ ಆನ್‌ಲೈನ್ ಚೀಟಿ ಇಲ್ಲದ್ದೆ ಹತ್ತುಲಾಗ ಹೇಳೆಕ್ಕಾತು. ಪರ್ವತದ ತಲೆಲಿಯೂ ಮನೆ ಇಲ್ಲೆ. ಆದರೆ ಅಲ್ಲಿಂದ ಇಳುದ ಕುಮಾರಧಾರೆಲೇ ಅಲ್ದಾ ನಾವು ಸುಬ್ರಹ್ಮಣ್ಯಲ್ಲಿ ಮೀವದು?

ಹೆಮ್ಮಕ್ಕೊ ಮನೆಲೇ ಕೂರೆಕ್ಕು ಹೇಳಿ ಆನು ಹೇಳ್ತಿಲ್ಲೆ. ಅಗತ್ತಿಗೋ ಕವರತ್ತಿಗೋ ಹೋಪ°, ಜೆನ ಇಪ್ಪ ಊರಿಲಿ ಪೈಸೆ ಕೊಟ್ಟು ನಿಂಬ°, ಕಟ್ಟಿಗೊಂಡು ಹೋದ ಕಸವಿನ ತಿರುಗಿ ಕಟ್ಟಿಗೊಂಡು ಬಪ್ಪ°. ಸುಹೇಲಿಯ ಅವರ ಬಿಡಾರಕ್ಕೆ ಬಿಡುವ°.

ತಂಗೆಯ ಮಕ್ಕೊಗೂ ಹೇಳಿದ್ದೆ: ಬಪ್ಪ ರಜೆಲಿ ಟೆಂಟು ಹಾಕಿ, ಆದರೆ ನೀರು ನಿಂಗಳೇ ಸೇದೆಕ್ಕು, ತರಗೆಲೆ ನಿಂಗಳೇ ಉಡುಗೆಕ್ಕು. ಇನ್ನೂ ಆರೂ ಅಕ್ಕು ಹೇಳಿದ್ದವಿಲ್ಲೆ.